ಯೋಗ್ಯತೆ ಇಲ್ಲವೆಂದ ಮಗಳಿಗೆ



ಕಳೆದ ಭಾನುವಾರ ಪ್ರಭುಭೋಜನ ಸಂಸ್ಕಾರದ ಹೊತ್ತಿಗೆ ನೀನು ಬೆಂಚು ಬಿಟ್ಟು ಏಳಲೇ ಇಲ್ಲವಂತೆ. ‘ನನಗೆ ಆ ಯೋಗ್ಯತೆ ಇಲ್ಲ’ ಅಂದೆಯಂತೆ. ಕೇಳಿ ಕನಿಕರಕ್ಕಿಂತ ಮೊದಲು ಸಿಟ್ಟು ಬಂತು. ಯೋಗ್ಯರಿಗೆ ಮಾತ್ರ ಅಂತ ನಿನಗೆ ಹೇಳಿದವರು ಯಾರು? ಅಂದು ಯೇಸುವಿನ ಜೊತೆ ಊಟಕ್ಕೆ ಕೂತವರಲ್ಲಿ, ಬೆಳಗಾಗುವುದರೊಳಗೆ ಅವನನ್ನು ಅರಿಯೆನೆಂದ ಪೇತ್ರನೂ ಇದ್ದ.

ನಿನ್ನ ಅಜ್ಜನನ್ನು ನೀನು ನೋಡಿದವಳಲ್ಲ. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಶುರುಮಾಡಿದ್ದ ಹೆಂಚಿನ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಕುಡಿತವಿಲ್ಲ, ಸಾಲವಿಲ್ಲ, ಸುಳ್ಳಿಲ್ಲ. ರಾತ್ರಿ ಗಂಜಿ ಉಂಡ ಮೇಲೆ ರಟ್ಟಿನ ಪುಸ್ತಕ ತೆಗೆದು ದಿನದ ತಪ್ಪುಗಳನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ತಮ್ಮವು ಒಂದು ಪುಟ, ನಮ್ಮೆಲ್ಲರವು ಎದುರು ಪುಟ! ಯೇಸು ಹೇಳಿದ ದ್ರಾಕ್ಷೇತೋಟದ ಕೂಲಿಯಾಳುಗಳ ಸಾಮ್ಯ ಮಾತ್ರ ಅವರಿಗೆ ಸೇರುತ್ತಿರಲಿಲ್ಲ. ಬೆಳಗಿನಿಂದ ಬಿಸಿಲಲ್ಲಿ ಬೆಂದವನಿಗೂ ಸಂಜೆ ಬಂದವನಿಗೂ ಒಂದೇ ಕೂಲಿಯೇ? ‘ನಮ್ಮ ಮೇಸ್ತ್ರಿ ಹೀಗೆ ಬಟವಾಡೆ ಮಾಡಿದರೆ ಮರುದಿನ ಹೊತ್ತಿಗೆ ಸರಿಯಾಗಿ ಯಾರು ಬರುತ್ತಾರೆ?’ ಎನ್ನುತ್ತಿದ್ದರು. ಕಾರ್ಖಾನೆಯ ಮಟ್ಟಿಗೆ ಅದು ಸರಿಯಾದ ಮಾತೇ.

ಕೊನೆಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರು. ನನ್ನ ಅಮ್ಮ ಮೈ ಒರೆಸಲು ಬಂದರೆ ಮುಖ ತಿರುಗಿಸುವರು, ಗೊಣಗುವರು. ಕೊಟ್ಟೇ ಅಭ್ಯಾಸವಾದ ಮನುಷ್ಯ, ತೆಗೆದುಕೊಳ್ಳಲು ಬರುತ್ತಿರಲಿಲ್ಲ. ‘ಸುಮ್ಮನೆ ಮಲಗಿ, ಇದಕ್ಕೇನೂ ಬಿಲ್ಲಿಲ್ಲ’ ಎಂದು ಅಮ್ಮ ಒಮ್ಮೆ ಗದರಿಬಿಟ್ಟಳು. ಅಷ್ಟು ಚೊಕ್ಕವಾದ ಪ್ರಸಂಗವನ್ನು ನಾನು ಯಾವ ಅಯ್ಯನವರ ಬಾಯಲ್ಲೂ ಕೇಳಿಲ್ಲ.

ನಿನ್ನ ಸಂಕಟವೂ ಹೊಸತಲ್ಲ. 1505ರಲ್ಲಿ ಎರ್ಫುರ್ಟಿನ ಮಠ ಸೇರಿದ ಲೂಥರ್ ಉಪವಾಸ, ಜಾಗರಣೆ ಮಾಡಿ, ಗಂಟೆಗಟ್ಟಲೆ ಪಾಪ ಅರಿಕೆ ಮಾಡಿದರೂ ನೆಮ್ಮದಿ ಕಾಣಲಿಲ್ಲ. ಅವನಿಗೆ ಬೆಳಕು ಸಿಕ್ಕಿದ್ದು ರೋಮಾಪುರದವರಿಗೆ ಪೌಲ ಬರೆದ ಪತ್ರಿಕೆಯಲ್ಲಿ. ಅದರಿಂದ ಎದ್ದ ಜಗಳದಲ್ಲಿ ಬೇರೆಯಾದ ಲೂಥರನ್ ಮತ್ತು ಕಥೋಲಿಕ ಸಭೆಗಳೂ 1999ರಲ್ಲಿ ಆಗ್ಸ್‌ಬರ್ಗಿನಲ್ಲಿ ಒಟ್ಟಿಗೆ ಕೂತು ಒಪ್ಪಿ ರುಜು ಹಾಕಿವೆ: ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ, ನಮ್ಮ ಅರ್ಹತೆ ನೋಡಿ ಅಲ್ಲ.

ಹಾಗೆಂದು ಒಳ್ಳೆಯ ಕೆಲಸ ಬೇಡವೆಂದೆನೇ? ಕ್ರಿಯೆ ಕಾಣದ ನಂಬಿಕೆಯನ್ನು ಯಾಕೋಬ ಬೈದದ್ದು ನನಗೂ ಗೊತ್ತು. ಆದರೆ ನೀನು ಸೇವೆಯ ಹೆಸರಲ್ಲಿ ಕಂತು ಕಟ್ಟುತ್ತಿದ್ದೀಯ. ಯಾರೂ ಕೇಳದ ಕಂತು! ಒರಟಾಗಿ ಹೇಳಿದೆನೇನೋ, ಮೊನ್ನೆ ವಿಡಿಯೋ ಕಾಲಿನಲ್ಲಿ ನಿನ್ನ ಸೊರಗಿದ ಮುಖ ಕಂಡಾಗಿನಿಂದ ಮನಸ್ಸು ತಡೆಯಲಿಲ್ಲ.

ಶನಿವಾರ ಕಾಲೊನಿಯ ಮಕ್ಕಳಿಗೆ ಪಾಠ ಹೇಳುವುದನ್ನು ಬಿಡಬೇಡ. ಜ್ವರ ಬಂದ ವಾರ ಮಲಗು. ಅದಕ್ಕಾಗಿ ಮರುದಿನ ಉಪವಾಸ ಕೂರಬೇಡ.

ನಿನ್ನ ದೊಡ್ಡಪ್ಪ