ತಾಯ್ತಂದೆಯರ ಕಾರೂ ಆರ್‌ಸಿಯ ಹೆಸರೂ

ವಯೋವೃದ್ಧರಾದ ತಾಯಿಗೋ ತಂದೆಗೋ ಸುಖವಾಗಿ ಓಡಾಡಲು ಅನುಕೂಲವಾದ ಒಂದು ಸೆಕೆಂಡ್ ಹ್ಯಾಂಡ್ ಸೆಡಾನ್ ಕಾರನ್ನು ಕೊಳ್ಳಬೇಕೆಂದು ಮಕ್ಕಳು ಸಂಕಲ್ಪಿಸಿದಾಗ, ಅವರ ವಿಚಾರವೆಲ್ಲ ಸಾಮಾನ್ಯವಾಗಿ ಬೆಲೆ, ಮೈಲೇಜು, ಬಣ್ಣಗಳಲ್ಲಿಯೇ ಸಮಾಪ್ತವಾಗಿ, ಆ ಕಾರು ಕಾನೂನಿನ ದೃಷ್ಟಿಯಲ್ಲಿ ಯಾರದಾಗತಕ್ಕದ್ದು, ಯಾವ ದಿನದಿಂದ ಆಗತಕ್ಕದ್ದು, ಅದರಿಂದ ಒದಗಬಹುದಾದ ಹೊಣೆ ಯಾರ ಮೇಲೆ ಬೀಳತಕ್ಕದ್ದು ಎಂಬ ಪ್ರಶ್ನೆಗಳು ಬ್ರೋಕರನ ವಿವೇಚನೆಗೆ ಬಿಟ್ಟುಹೋಗುವುದೇ ಹೆಚ್ಚು. ಹಿರಿಯರಿಗೆ ಬೇಕಾದ ನೆಮ್ಮದಿಯ ಅರ್ಧ ಭಾಗ ಆಸನದಲ್ಲಿದ್ದರೆ ಉಳಿದರ್ಧ ಆರ್‌ಸಿಯಲ್ಲಿದೆ ಎಂಬುದು ಈ ಲೇಖಕನ ಅಭಿಪ್ರಾಯ.

ಆಸನದ ಮಾತನ್ನು ಮೊದಲು ಮುಗಿಸಿಬಿಡೋಣ. ಸೆಡಾನ್ ನೆಲಕ್ಕೆ ಹತ್ತಿರವಾದ ವಾಹನ. ಮಂಡಿನೋವಿನವರಿಗೆ ಅದರೊಳಗೆ ಕೂರುವುದಕ್ಕಿಂತ ಅದರಿಂದ ಏಳುವುದು ಕಷ್ಟ. ಆದಕಾರಣ ಕಾರು ನೋಡಲು ಹೋಗುವಾಗ ಹಿರಿಯರನ್ನೂ ಕರೆದುಕೊಂಡು ಹೋಗಿ, ಹಿಂದಿನ ಬಾಗಿಲನ್ನು ಪೂರ್ತಿ ತೆರೆದು, ಅವರು ಸೀಟಿನ ಅಂಚಿನಲ್ಲಿ ಕುಳಿತು ಕಾಲುಗಳನ್ನು ಒಂದೊಂದಾಗಿ ಒಳಗೆಳೆದುಕೊಳ್ಳುವಾಗ ಪಾದ ಎಲ್ಲಿಯಾದರೂ ಸಿಕ್ಕಿಕೊಳ್ಳುತ್ತದೆಯೇ, ಕುಳಿತ ಮೇಲೆ ಸೊಂಟ ಮೊಣಕಾಲಿಗಿಂತ ತಗ್ಗಿಗೆ ಹೋಗುತ್ತದೆಯೇ, ಮೇಲಿನ ಹಿಡಿಯನ್ನು ಹಿಡಿದು ಏಳುವಾಗ ತಲೆ ತಗಲುತ್ತದೆಯೇ ಎಂಬುದನ್ನು ಸಾವಧಾನವಾಗಿ ನೋಡಬೇಕು. ಮಾರುತಿ ಸಿಯಾಜ್‌ನ ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಧಾರಾಳವಾದ ಸ್ಥಳವೂ 510 ಲೀಟರಿನ ಡಿಕ್ಕಿಯೂ ಉಂಟು. ಟೊಯೋಟಾ ಎಟಿಯೋಸ್‌ನ ಹಿಂಬದಿಯ ನೆಲ ಹೆಚ್ಚುಕಡಿಮೆ ಸಮತಟ್ಟಾದುದರಿಂದ ಅಲ್ಲಿ ಕಾಲು ಸರಿಸುವುದು ಸುಲಭ. ಇವೆರಡೂ ಈಗ ಹೊಸದಾಗಿ ತಯಾರಾಗುತ್ತಿಲ್ಲ. ಮಡಿಸಿದ ಗಾಲಿಕುರ್ಚಿಯನ್ನೋ ವಾಕರನ್ನೋ ಒಯ್ಯಬೇಕಾದವರು ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಇದ್ದರೆ ಸ್ಥಳ ಹೋಯಿತೆಂಬುದಷ್ಟೇ ಅಲ್ಲ, ಹೊರಗೆ ಹಾಕಿಸಿದ ಗ್ಯಾಸ್ ಕಿಟ್ ಆರ್‌ಸಿಯಲ್ಲಿ ನಮೂದಾಗಿಲ್ಲದಿದ್ದರೆ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಪ್ರಕಾರ ಅದು ಅಕ್ರಮವಾದ ಮಾರ್ಪಾಡು.

ಇನ್ನು ಹೆಸರಿನ ವಿಚಾರ. 1988ರ ಆ ಕಾಯಿದೆಯ 2(30)ನೆಯ ಉಪಬಂಧದ ಮೇರೆಗೆ, ಯಾರ ಹೆಸರಿನಲ್ಲಿ ವಾಹನವು ನೋಂದಣಿಯಾಗಿದೆಯೋ ಅವರೇ ಅದರ ಮಾಲೀಕರು. ಹಣ ಕೊಟ್ಟವರು ಯಾರು, ಕೀಲಿಕೈ ಯಾರ ಬಳಿ ಇದೆ, ಪೆಟ್ರೋಲು ಯಾರು ಹಾಕಿಸುತ್ತಾರೆ ಎಂಬುವನ್ನು ಈ ವ್ಯಾಖ್ಯೆ ಕೇಳುವುದಿಲ್ಲ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಪ್ರಕರಣದಲ್ಲಿ, ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾಗಿಯೂ ನೋಂದಣಿಯಲ್ಲಿ ಮೊದಲಿನವರ ಹೆಸರೇ ಉಳಿದಿದ್ದ ಕಾರು ಅಪಘಾತಕ್ಕೆ ಕಾರಣವಾದಾಗ, ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. ಮಾರಿದವರು ಈ ತೀರ್ಪಿಗೆ ಹೆದರಬೇಕಾದುದು ಸ್ಪಷ್ಟ. ಆದರೆ ಪ್ರೀತಿಯಿಂದ ‘ಅಮ್ಮನ ಹೆಸರಿಗೇ ಇರಲಿ’ ಎನ್ನುವ ಮಕ್ಕಳೂ ಇದನ್ನು ಯೋಚಿಸಬೇಕೆಂದು ನಾನು ಹೇಳುತ್ತೇನೆ. ಮಗನೋ ಚಾಲಕನೋ ಓಡಿಸುವಾಗ ಅಪಘಾತವಾಗಿ, ವಿಮೆ ಯಾವುದೋ ಕಾರಣಕ್ಕೆ ನಿಂತುಹೋಗಿದ್ದರೆ, ನ್ಯಾಯಮಂಡಳಿಯ ನೋಟೀಸು ಬರುವುದು ಆ ಎಪ್ಪತ್ತೈದರ ತಾಯಿಯವರ ಹೆಸರಿಗೆ. ಲೈಸೆನ್ಸಿಲ್ಲದವನ ಕೈಗೆ ಕಾರು ಕೊಟ್ಟುದಕ್ಕೆ 5ನೆಯ ಕಲಮಿನ ಪ್ರಕಾರ ಉತ್ತರ ಹೇಳಬೇಕಾದವರೂ ಮಾಲೀಕರಾದ ಅವರೇ. ಸಾಲದುದಕ್ಕೆ, ಮಾಲೀಕ-ಚಾಲಕರಿಗಾಗಿ ಕಡ್ಡಾಯವಾಗಿರುವ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆಯು ಲೈಸೆನ್ಸುಳ್ಳ ಮಾಲೀಕರಿಗಲ್ಲದೆ ಸಲ್ಲದು. ಕಾರು ಓಡಿಸಲು ಬಾರದ ತಾಯಿಯವರ ಹೆಸರಿನಲ್ಲಿ ಆರ್‌ಸಿ ಇದ್ದರೆ ಅವರಿಗೆ ಅದರಿಂದ ಪ್ರಯೋಜನವಿಲ್ಲ. ಅಂಥಲ್ಲಿ ಪ್ರಯಾಣಿಕರ ಅಪಘಾತ ವಿಮೆಯನ್ನೂ, ಸಂಬಳದ ಚಾಲಕನಿದ್ದರೆ ಅವನಿಗಾಗಿ ಬೇರೆ ಪ್ರೀಮಿಯಮ್ಮನ್ನೂ ಪಾಲಿಸಿಗೆ ಸೇರಿಸಿಕೊಳ್ಳತಕ್ಕದ್ದು.

ತಂದೆಯವರು ತಾವೇ ಓಡಿಸುವವರಾದರೆ ಮಾತು ಬೇರೆ. ಆಗ ಅವರ ಹೆಸರೇ ಯುಕ್ತ. ಆದರೆ 55 ವರ್ಷ ದಾಟಿದವರ ಲೈಸೆನ್ಸು ಒಂದು ಬಾರಿಗೆ ಐದು ವರ್ಷಕ್ಕೆ ಮಾತ್ರ ನವೀಕರಣವಾಗುತ್ತದೆ, ವೈದ್ಯರು ಸಹಿ ಮಾಡಿದ ಫಾರಂ 1ಎ ಪ್ರಮಾಣಪತ್ರವೂ ಬೇಕು. ಅವಧಿ ಮುಗಿದು ಒಂದು ವರ್ಷ ಕಳೆದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕಾಗುತ್ತದೆ. ಕಾರನ್ನು ನೋಡುವ ಮೊದಲು ಪರ್ಸಿನಲ್ಲಿರುವ ಆ ಕಾರ್ಡಿನ ದಿನಾಂಕವನ್ನು ಒಮ್ಮೆ ನೋಡುವುದೊಳ್ಳೆಯದು. ಹಿರಿಯರು ತಮ್ಮ ಸ್ವಂತ ಉಳಿತಾಯದಿಂದ ಕೊಳ್ಳುವಾಗಲೂ ಅವರ ಹೆಸರನ್ನು ತಪ್ಪಿಸಿ ಮಗನ ಹೆಸರಿಗೆ ಬರೆಸುವುದು ನನಗೆ ಸರಿಕಾಣದು. ಅವರ ಹೆಸರಿನಲ್ಲಿರುವಾಗ ಆರ್‌ಸಿಗೆ ನಾಮಿನಿಯ ಹೆಸರನ್ನು ಸೇರಿಸಲು 2021ರ ನಿಯಮ ತಿದ್ದುಪಡಿ ಅವಕಾಶ ಕೊಟ್ಟಿದೆ. ಮಾಲೀಕರು ತೀರಿಕೊಂಡಲ್ಲಿ ವಾರಸುದಾರರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಮೂರು ತಿಂಗಳ ಕಾಲ ಕಾರನ್ನು ಬಳಸಬಹುದು. ಅಷ್ಟರೊಳಗೆ ಫಾರಂ 31ರಲ್ಲಿ ಹೆಸರಿನ ಬದಲಾವಣೆಗೆ ಅರ್ಜಿ ಸಲ್ಲಿಸಬೇಕು. ನಾಮಿನಿ ಇದ್ದಲ್ಲಿ ಈ ಕೆಲಸ ಎಷ್ಟೋ ಹಗುರ.

ಕಾರು ಮನಸ್ಸಿಗೆ ಬಂದ ಮೇಲೆ ಮುಂಗಡ ಕೊಡುವುದಕ್ಕೆ ಮುನ್ನ ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ, ಎಷ್ಟನೆಯ ಮಾಲೀಕರು, ವಿಮೆ ಎಂದಿನವರೆಗೆ, ನೋಂದಣಿಯ 15 ವರ್ಷ ಎಂದು ತೀರುತ್ತದೆ, ಬ್ಯಾಂಕಿನ ಸಾಲ ಬಾಕಿ ಇದೆಯೇ ಎಂಬುದನ್ನು ನೋಡತಕ್ಕದ್ದು. ಟ್ರಾಫಿಕ್ ಪೊಲೀಸರ ಬಾಕಿ ದಂಡಗಳನ್ನೂ ಅಂತೆಯೇ. ಇದು ಕೇವಲ ಜಾಣತನದ ಸಲಹೆಯಲ್ಲ. 1872ರ ಕರಾರು ಕಾಯಿದೆಯ 19ನೆಯ ಕಲಮು, ತಪ್ಪು ನಿರೂಪಣೆಯಿಂದಲೋ ವಂಚನೆಯ ಮೌನದಿಂದಲೋ ಒಪ್ಪಿಗೆ ಪಡೆದಿದ್ದ ಪಕ್ಷದಲ್ಲಿಯೂ, ಸಾಮಾನ್ಯ ಎಚ್ಚರಿಕೆಯಿಂದ ಸತ್ಯವನ್ನು ಕಂಡುಕೊಳ್ಳುವ ಸಾಧನ ಕೊಂಡವನಿಗಿದ್ದರೆ ಕರಾರನ್ನು ರದ್ದುಗೊಳಿಸುವ ಹಕ್ಕು ಅವನಿಗಿಲ್ಲವೆನ್ನುತ್ತದೆ. ಫೋನಿನಲ್ಲಿಯೇ ಸಿಗುವ ದಾಖಲೆಯನ್ನು ನೋಡದೆ ‘ಸಾಲವಿತ್ತೆಂದು ಹೇಳಲಿಲ್ಲ’ ಎಂದು ಆಮೇಲೆ ದೂರುವವನ ವಾದ ಇದರಿಂದ ಎಷ್ಟು ದುರ್ಬಲವಾಗುತ್ತದೆಂಬುದನ್ನು ವಿವರಿಸಬೇಕಾದುದಿಲ್ಲ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿಯೂ ಫಾರಂ 35 ಕೂಡ ಕೈಗೆ ಬರುವತನಕ ಪೂರ್ತಿ ಹಣ ಕೊಡಲಾಗದು. ಹೊರರಾಜ್ಯದ ಕಾರಾದರೆ ಅಲ್ಲಿಯ ಆರ್‌ಟಿಒ ಕೊಟ್ಟ ಎನ್‌ಒಸಿ ಬೇಕು. ಹನ್ನೆರಡು ತಿಂಗಳಿಗೆ ಮೇಲ್ಪಟ್ಟು ಇಲ್ಲಿ ಇಟ್ಟುಕೊಳ್ಳುವುದಾದರೆ ಕರ್ನಾಟಕದ ನಂಬರೂ ಇಲ್ಲಿಯ ಆಜೀವ ತೆರಿಗೆಯೂ ತಪ್ಪವು. ಅಗ್ಗವೆಂದು ಕಂಡದ್ದು ಈ ಲೆಕ್ಕ ಸೇರಿದ ಮೇಲೆ ಅಗ್ಗವಾಗಿ ಉಳಿಯುವುದು ಅಪರೂಪ.

ವರ್ಗಾವಣೆಗೆ ಫಾರಂ 29, ಫಾರಂ 30 ಎಂಬ ಎರಡು ಕಾಗದಗಳು. ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ವರದಿ ಮಾಡಬೇಕೆಂದು ಮೋಟಾರು ವಾಹನಗಳ ಕಾಯಿದೆಯ 50ನೆಯ ಕಲಮಿನ ವಿಧಿ. ವ್ಯವಹಾರದ ಬಳಕೆಯಲ್ಲಿ ನಡೆಯುವುದೇನೆಂದರೆ, ಮಾರುವವರು ದಿನಾಂಕವನ್ನೂ ಕೊಳ್ಳುವವರ ಹೆಸರನ್ನೂ ಖಾಲಿ ಬಿಟ್ಟು ಸಹಿ ಮಾತ್ರ ಹಾಕಿ ಬ್ರೋಕರನಿಗೆ ಕೊಡುತ್ತಾರೆ, ಅವನು ಅದನ್ನು ಕಪಾಟಿನಲ್ಲಿಟ್ಟು ಮುಂದಿನ ಗಿರಾಕಿಗಾಗಿ ಕಾಯುತ್ತಾನೆ. ಈ ಖಾಲಿ ಸಹಿಯೇ ಅನೇಕ ಮೊಕದ್ದಮೆಗಳ ಮೂಲ. ಎದುರಿಗೆ ಕುಳಿತೇ ಎಲ್ಲ ಅಂಕಣಗಳನ್ನು ತುಂಬಿಸಿ, ಬಾನೆಟ್ಟನ್ನೆತ್ತಿ, ಚಾಸಿಸ್ ನಂಬರಿನ ಮೇಲೆ ತೆಳ್ಳನೆಯ ಕಾಗದವಿರಿಸಿ ಪೆನ್ಸಿಲ್ಲಿನಿಂದ ಉಜ್ಜಿ, ಮೂಡಿದ ಅಕ್ಷರಗಳನ್ನು ಆರ್‌ಸಿಯೊಡನೆ ಒಂದೊಂದಾಗಿ ಹೋಲಿಸಿ ನೋಡಬೇಕು. ತಿದ್ದಿದ ಅಂಕಿಯೂ ಉಜ್ಜಿ ತೆಗೆದ ಅಂಕಿಯೂ ಕಣ್ಣಿಗಿಂತ ಈ ಪೆನ್ಸಿಲ್ ಪ್ರಿಂಟಿಗೆ ಬೇಗ ಸಿಕ್ಕಿಬೀಳುತ್ತವೆ. ಕಾರನ್ನು ಒಪ್ಪಿಸಿಕೊಂಡ ದಿನವನ್ನೂ ಗಂಟೆಯನ್ನೂ ಕಾಣಿಸಿ ಡೆಲಿವರಿ ನೋಟ್ ಬರೆಸಿಕೊಳ್ಳುವುದು ಇಬ್ಬರಿಗೂ ಕ್ಷೇಮ. ಆದರೆ ಅದು ಆರ್‌ಸಿಗೆ ಬದಲಿಯಲ್ಲ. ಸಾರಿಗೆ ಇಲಾಖೆಯ ಸೇವೆಗಳು ಕಾಲಮಿತಿಯೊಳಗೆ ಸೇವೆ ಕೊಡುವ ಸಕಾಲ ಯೋಜನೆಯ ವ್ಯಾಪ್ತಿಯಲ್ಲಿ ಬಂದಿರುವುದರಿಂದ, ಅರ್ಜಿಗೆ ಸಕಾಲ ಸಂಖ್ಯೆಯನ್ನು ಕೇಳಿ ಪಡೆಯಿರಿ.

ವಿಮೆಯ ವಿಷಯದಲ್ಲಿ ಜನಗಳ ತಪ್ಪು ತಿಳಿವಳಿಕೆ ಬಹಳ. ಕಾರಿನೊಡನೆ ಪಾಲಿಸಿಯೂ ಬಂತೆಂದು ತಿಳಿಯುವವರೇ ಹೆಚ್ಚು. ಮೋಟಾರು ವಾಹನಗಳ ಕಾಯಿದೆಯ 157ನೆಯ ಕಲಮಿನ ಪ್ರಕಾರ ಅದು ತಾನಾಗಿ ಕೊಂಡವರಿಗೆ ವರ್ಗವಾಗುವುದು ಮೂರನೆಯವರಿಗೆ ಆಗುವ ಹಾನಿಯ ಮಟ್ಟಿಗೆ ಮಾತ್ರ. ಸ್ವಂತ ಕಾರಿಗಾದ ನಷ್ಟಕ್ಕೆ ಅದು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿಯೇ ಹೇಳಿದೆ. 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ಹೊಸ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾರಿದವರು ಗಳಿಸಿದ್ದ ನೋ ಕ್ಲೇಮ್ ಬೋನಸ್ಸು ಅವರದೇ, ಕಾರಿನದಲ್ಲ. ಆ ವ್ಯತ್ಯಾಸದ ಹಣವನ್ನು ಕೊಂಡವರು ಕಟ್ಟಬೇಕಾಗುತ್ತದೆ.

ವ್ಯಾಪಾರಿಯಿಂದ ಕೊಳ್ಳುವುದಕ್ಕೂ ಪರಿಚಿತ ಗೃಹಸ್ಥರಿಂದ ಕೊಳ್ಳುವುದಕ್ಕೂ ಕಾನೂನಿನಲ್ಲಿ ದೊಡ್ಡ ಅಂತರವಿದೆ. 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿ ನೋಂದಣಿ ಪ್ರಾಧಿಕಾರದ ಅಧಿಕಾರಪತ್ರ ಪಡೆದಿರತಕ್ಕದ್ದು. ಕಾರು ತನ್ನ ಕೈಗೆ ಬಂದುದನ್ನು ಫಾರಂ 29ಸಿ ಮೂಲಕ ತಿಳಿಸಿದ ಮೇಲೆ ಅದರ ಹೊಣೆಗೆಲ್ಲ ಅವನೇ ಮಾಲೀಕನಂತೆ. ಆ ಅಧಿಕಾರಪತ್ರವನ್ನು ತೋರಿಸೆಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಅವನು ಮೀಟರು ತಿರುಗಿಸಿದ ಕಾರನ್ನೋ, ಪ್ರವಾಹದ ನೀರು ಹೊಕ್ಕಿದ್ದ ಕಾರನ್ನೋ ಒಳ್ಳೆಯದೆಂದು ಮಾರಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಎರಡು ವರ್ಷಗಳೊಳಗೆ, ತಾವು ವಾಸವಾಗಿರುವ ಜಿಲ್ಲೆಯ ಆಯೋಗಕ್ಕೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ, ಕೊಟ್ಟ ಬೆಲೆ 5 ಲಕ್ಷದವರೆಗಾದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. 1915 ಎಂಬ ಸಹಾಯವಾಣಿಯೂ ಉಂಟು. ತಮ್ಮ ಸ್ವಂತ ಕಾರನ್ನು ಮಾರಿದ ಗೃಹಸ್ಥರ ಮೇಲೆ ಈ ದಾರಿ ತೆರೆಯದು. ಅಲ್ಲಿ ಸಿವಿಲ್ ನ್ಯಾಯಾಲಯ, ವಂಚನೆ ಸ್ಪಷ್ಟವಾಗಿದ್ದಲ್ಲಿ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಡಿ ಪೊಲೀಸ್ ದೂರು. ಎರಡಕ್ಕೂ ಬೇಕಾದುದು ಬರವಣಿಗೆಯ ಸಾಕ್ಷ್ಯ: ಕಿಲೋಮೀಟರಿನ ಓದಿಕೆಯನ್ನೂ ಅಪಘಾತದ ಇತಿಹಾಸವನ್ನೂ ಮಾರಾಟದ ಕರಾರಿನಲ್ಲಿ ಬರೆಸಿ, ಸರ್ವೀಸ್ ಸೆಂಟರಿನ ದಾಖಲೆಯ ಪ್ರತಿಯನ್ನು ಲಗತ್ತಿಸಿ, ಹಣವನ್ನು ಬ್ಯಾಂಕಿನ ಮೂಲಕವೇ ಸಂದಾಯ ಮಾಡಿ.