ಒಂದು ಗಂಟೆ ಕೇಳುವುದಕ್ಕೆ ಎಷ್ಟು ರೂಪಾಯಿ?

ಸುಳ್ಯದ ಕಡೆಯ ತೋಟದ ಮನೆಯೊಂದಕ್ಕೆ ಕಳೆದ ಅಡಿಕೆ ಹಂಗಾಮಿನಲ್ಲಿ 27,000 ರೂಪಾಯಿಯ ಹೆಡ್‌ಫೋನ್ ಬಂತು. ತಂದವನು ಈ ಅಂಕಣಕಾರನ ಅಕ್ಕನ ಮಗ. ಅಡಿಕೆ ತೋಟ, ಒಂದಿಷ್ಟು ಕೊಕ್ಕೊ, ಗುಡ್ಡದಲ್ಲಿ ರಬ್ಬರ್. ಆಳಿಗೆ ಕಾಯದೆ ಹುಲ್ಲು ಹೆರೆಯುವ ಮಿಶನನ್ನು ತಾನೇ ಹೆಗಲಿಗೇರಿಸುವ ಹುಡುಗ. “ಮಾವ, ಇದರಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಉಂಟು. ಮಿಶನಿನ ಶಬ್ದ ಕೇಳುವುದಿಲ್ಲ. ಬೆಂಗಳೂರು ಬಸ್ಸಿಗೂ ಆಯಿತು, ರಾತ್ರಿ ಯಕ್ಷಗಾನಕ್ಕೂ ಆಯಿತು” ಎಂದ. ಮೂರು ಕೆಲಸಕ್ಕೆ ಒಂದೇ ವಸ್ತು, ಹಾಗಾಗಿ ಬೆಲೆ ಹೆಚ್ಚಾದರೂ ನಷ್ಟವಿಲ್ಲ ಎಂಬುದು ಅವನ ನಂಬಿಕೆ. ಪುತ್ತೂರು, ಸುಳ್ಯ, ಕಡಬದ ಬಹಳ ಮನೆಗಳಲ್ಲಿ ದುಬಾರಿ ವಸ್ತುಗಳು ಒಳಗೆ ಬರುವುದು ಇದೇ ನಂಬಿಕೆಯ ಬೆನ್ನೇರಿ.

ಚಾಲಿ ಅಡಿಕೆಗೆ ಕಿಲೋಗೆ 450 ರೂಪಾಯಿ ಎಂದು ಹಿಡಿದರೆ 27,000 ಎಂದರೆ 60 ಕಿಲೋ ಅಡಿಕೆ. ಕೊಯ್ದು, ಒಣಗಿಸಿ, ಸುಲಿದು, ಹೆಕ್ಕಿದ 60 ಕಿಲೋ.

ಹಣ ಕೊಟ್ಟದ್ದು ಒಂಬತ್ತು ತಿಂಗಳ ನೋ-ಕಾಸ್ಟ್ ಇಎಂಐಯಲ್ಲಿ, ತಿಂಗಳಿಗೆ 3,000ದಂತೆ. ಬ್ಯಾಂಕಿನ ಬಡ್ಡಿ ಶೇ 16. ಆ ದರದಲ್ಲಿ ಈ ಒಂಬತ್ತು ಕಂತುಗಳ ಹಿಂದಿರುವ ನಿಜವಾದ ಸಾಲ 25,285 ರೂಪಾಯಿ, ಬಡ್ಡಿ 1,715. ಈ ಬಡ್ಡಿಯಷ್ಟನ್ನು ಮಾರುವವರು ರಿಯಾಯಿತಿ ಎಂದು ಕಳೆಯುತ್ತಾರೆ. ಆದರೆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ 309 ರೂಪಾಯಿಯನ್ನು ಗ್ರಾಹಕನೇ ಕೊಡಬೇಕು. ಪ್ರೊಸೆಸಿಂಗ್ ಫೀ 199, ಅದರ ಜಿಎಸ್‌ಟಿ 36. ಒಟ್ಟು 544 ರೂಪಾಯಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ ಹೇಳಿದೆ. ಹೆಸರು ಬದಲಾಯಿತು, ಖರ್ಚು ಹಾಗೇ ಉಳಿಯಿತು. ಇಲ್ಲಿನ ಮಳೆಗಾಲದ ತೇವಕ್ಕೆ ಕೃತಕ ಚರ್ಮದ ಇಯರ್‌ಪ್ಯಾಡ್ ಸುಲಿಯುತ್ತದೆ, ಒಮ್ಮೆ ಬದಲಿಸಲೇಬೇಕು. ಅದಕ್ಕೆ 1,500 ಸೇರಿಸಿದರೆ ಹೆಡ್‌ಫೋನಿನ ಬೆಲೆ 29,044.

ಈಗ ಮುಖ್ಯ ಲೆಕ್ಕ. ಹೆಡ್‌ಫೋನಿನ ಬೆಲೆಯನ್ನು ಅದು ಬಾಳುವ ಕಾಲದಲ್ಲಿ ಕಿವಿಯ ಮೇಲೆ ಇರುವ ಗಂಟೆಗಳಿಂದ ಭಾಗಿಸಬೇಕು. ಬ್ಯಾಟರಿ ಇರುವ ಹೆಡ್‌ಫೋನಿಗೆ ನಾಲ್ಕು ವರ್ಷ ಎಂದು ಹಿಡಿಯೋಣ. ಹುಡುಗ ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಬರುತ್ತಾನೆ. ಹೋಗುವ ಎಂಟು ಗಂಟೆ, ಬರುವ ಎಂಟು ಗಂಟೆಗಳಲ್ಲಿ ಅರ್ಧ ನಿದ್ದೆ, ಕೇಳುವುದು ಎಂಟು ಗಂಟೆ. ವರ್ಷಕ್ಕೆ 96. ರಾತ್ರಿ ಯಕ್ಷಗಾನ ದಿನಕ್ಕೆ ಸರಾಸರಿ ಅರ್ಧ ಗಂಟೆ, ವರ್ಷಕ್ಕೆ ಸುಮಾರು 180. ತೋಟದಲ್ಲಿ ಹುಲ್ಲು ಹೆರೆಯುವುದು ವರ್ಷಕ್ಕೆ ಮೂರು ಸಲ, ಒಟ್ಟು 120 ಗಂಟೆ. ಮೂರೂ ಸೇರಿ ವರ್ಷಕ್ಕೆ 396, ನಾಲ್ಕು ವರ್ಷಕ್ಕೆ 1,584 ಗಂಟೆ. 29,044ನ್ನು ಇದರಿಂದ ಭಾಗಿಸಿದರೆ ಗಂಟೆಗೆ 18 ರೂಪಾಯಿ 34 ಪೈಸೆ. ತೋಟದ ಕೆಲಸಕ್ಕೆ ಅದು ಒದಗದಿದ್ದರೆ ಉಳಿಯುವುದು 1,104 ಗಂಟೆ, ಆಗ ಗಂಟೆಗೆ 26 ರೂಪಾಯಿ 31 ಪೈಸೆ. ಬರೀ ಬಸ್ಸಿಗೆ ಇಟ್ಟುಕೊಂಡರೆ ಗಂಟೆಗೆ 75 ರೂಪಾಯಿ ದಾಟುತ್ತದೆ.

ತೋಟದ ಕೆಲಸಕ್ಕೆ ಅದು ಒದಗುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಇದು ಹಣಕ್ಕಿಂತ ಮೊದಲು ಕಿವಿಯ ಪ್ರಶ್ನೆ. ಪೆಟ್ರೋಲ್ ಮಿಶನು ಓಡಿಸುವವನ ಕಿವಿಯ ಬಳಿ ಶಬ್ದ 95 ಡೆಸಿಬೆಲ್ ಆಸುಪಾಸು ಇರುತ್ತದೆ, ಕೆಲವು ಮಿಶನುಗಳಲ್ಲಿ ಇನ್ನೂ ಹೆಚ್ಚು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿರುವ ಮಿತಿ ದಿನಕ್ಕೆ 85 ಡೆಸಿಬೆಲ್, ಎಂಟು ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು, 97ಕ್ಕೆ ಅರ್ಧ ಗಂಟೆ. ಬೆಳಿಗ್ಗೆ ಎಂಟಕ್ಕೆ ಶುರುಮಾಡಿದವನು ಹತ್ತರ ಚಾಯಕ್ಕೆ ಬರುವಷ್ಟರಲ್ಲಿ ಅವನ ಕಿವಿಯ ಇಡೀ ದಿನದ ಪಾಲು ಮುಗಿದು ಹೋಗಿರುತ್ತದೆ.

ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಹೊರಗಿನ ಶಬ್ದವನ್ನು ಮೈಕಿನಿಂದ ಗ್ರಹಿಸಿ, ಅದಕ್ಕೆ ವಿರುದ್ಧವಾದ ಅಲೆಯನ್ನು ಹುಟ್ಟಿಸಿ ಅಳಿಸುತ್ತದೆ. ಒಂದೇ ಸಮನೆ ಗುಂಯ್‌ಗುಡುವ ತಗ್ಗಿನ ಶಬ್ದಕ್ಕೆ ಇದು ಚೆನ್ನಾಗಿ ನಡೆಯುತ್ತದೆ. ಬ್ಲೇಡು ಕಲ್ಲಿಗೆ ತಾಗುವ ಸದ್ದು, ಎಂಜಿನಿನ ಕರ್ಕಶ ಭಾಗ, ಆಕ್ಸಿಲರೇಟರ್ ಎಳೆದಾಗಿನ ಏರಿಳಿತ ಇವುಗಳಿಗೆ ಅದು ಸಾಲದು. ಸಂಗೀತಕ್ಕೆಂದು ಮಾರುವ ಹೆಡ್‌ಫೋನುಗಳಿಗೆ ಶ್ರವಣ ರಕ್ಷಣೆಯ ಅಳತೆಯ ಗುರುತೂ ಸಾಮಾನ್ಯವಾಗಿ ಇರುವುದಿಲ್ಲ. ಗುಂಯ್ ಎನ್ನುವುದು ಮಾಯವಾದ ಕೂಡಲೇ ಕಿವಿ ಕ್ಷೇಮ ಎಂದು ಭಾಸವಾಗುತ್ತದೆ, ಹಾಡಿನ ವಾಲ್ಯೂಮ್ ಏರುತ್ತದೆ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಬೆವರು, ಹನಿಮಳೆಗೆ ತಡೆಯುವ ಗುರುತಿಲ್ಲದ ವಸ್ತುವನ್ನು ತಲೆಗೇರಿಸಿ ಗುಡ್ಡ ಹತ್ತಿದರೆ ವಾರಂಟಿಯೂ ಜೊತೆಗೆ ಬರುವುದಿಲ್ಲ.

ಈ ಕೆಲಸಕ್ಕೆ ಬೇಕಾದ್ದು ಇಯರ್‌ಮಫ್. ಪ್ಲಾಸ್ಟಿಕ್ ಬಟ್ಟಲು, ಒಳಗೆ ಸ್ಪಂಜು, ಅಷ್ಟೆ. ಬ್ಯಾಟರಿ ಇಲ್ಲ, ಆ್ಯಪ್ ಇಲ್ಲ. ಕೆಲವು ನೂರು ರೂಪಾಯಿಯಿಂದ ಎರಡು ಸಾವಿರದವರೆಗೆ ಸಿಗುತ್ತದೆ. ಎಷ್ಟು ಡೆಸಿಬೆಲ್ ತಗ್ಗಿಸುತ್ತದೆ ಎಂಬ ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ ಅಂಕಿ ಪೆಟ್ಟಿಗೆಯ ಮೇಲೆ ಇದೆಯೇ ಎಂದು ನೋಡಿ ಕೊಳ್ಳಬೇಕು. ಎನ್‌ಆರ್‌ಆರ್ 27 ಎಂದಿದ್ದರೆ ಅದರಿಂದ 7 ಕಳೆದು ಅರ್ಧ ಮಾಡುವುದು ಸುರಕ್ಷಿತ ಲೆಕ್ಕ. 10 ಡೆಸಿಬೆಲ್ ಸಿಕ್ಕಿತು. 97 ಇದ್ದದ್ದು 87ಕ್ಕೆ ಇಳಿದರೆ ಅರ್ಧ ಗಂಟೆಯ ಮಿತಿ ಸುಮಾರು ಐದು ಗಂಟೆಗೆ ಹಿಗ್ಗುತ್ತದೆ. ಅಡಿಕೆ ಸುಲಿಯುವ ಮಿಶನು, ಮದ್ದು ಬಿಡುವ ಪಂಪು ಇವಕ್ಕೂ ಇದೇ ಇಯರ್‌ಮಫ್ ಸಾಕು.

ಬಸ್ಸಿನ ಮಾತು ಬೇರೆ. ಅಮರ್ ಬೋಸ್ ಎಂಬ ಬಂಗಾಳಿ ಮೂಲದ ಎಂಜಿನಿಯರ್ 1978ರಲ್ಲಿ ವಿಮಾನದಲ್ಲಿ ಕೂತು ಈ ತಂತ್ರದ ಲೆಕ್ಕ ಹಾಕಿದರು. 1989ರಲ್ಲಿ ಅದು ವಿಮಾನ ಚಾಲಕರ ಕಿವಿಗೆ ಬಂತು, 2000ದಲ್ಲಿ ಪ್ರಯಾಣಿಕರ ಕಿವಿಗೆ. ಎಂಜಿನಿನ ಏಕನಾದಕ್ಕೆಂದೇ ಹುಟ್ಟಿದ ಈ ತಂತ್ರ ಶಿರಾಡಿ ಅಥವಾ ಸಂಪಾಜೆ ಘಟ್ಟ ಹತ್ತುವ ರಾತ್ರಿ ಬಸ್ಸಿಗೆ ಸರಿಯಾಗಿ ಹೊಂದುತ್ತದೆ. ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರದವರೆಗಿನ 55 ಕಿ.ಮೀ. ರೈಲುಹಾದಿಯಲ್ಲಿ 57 ಸುರಂಗಗಳಿವೆ. ಕಿಟಕಿ ತೆರೆದಿರುವ ಬೋಗಿಯಲ್ಲಿ ಚಕ್ರದ ಗದ್ದಲ ಗೋಡೆಗೆ ಬಡಿದು ವಾಪಸು ಬರುವಾಗ ಇದರ ಬೆಲೆ ಗೊತ್ತಾಗುತ್ತದೆ. ಆದರೆ ತಿಂಗಳಿಗೊಮ್ಮೆ ಹೋಗುವವನಿಗೆ 5,000 ರೂಪಾಯಿ ಮಟ್ಟದ, ನಾಯ್ಸ್ ಕ್ಯಾನ್ಸಲಿಂಗ್ ಅಂದರೆ ಎಎನ್‌ಸಿ ಇರುವ ನೆಕ್‌ಬ್ಯಾಂಡೋ ಇಯರ್‌ಬಡ್ಸೋ ಸಾಕು. ವಾರಕ್ಕೆರಡು ಸಲ ಘಟ್ಟ ಹತ್ತಿಳಿಯುವವರು ದೊಡ್ಡದನ್ನೇ ಕೊಳ್ಳಲಿ.

ಯಕ್ಷಗಾನಕ್ಕೆ ಬರೋಣ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ತಾಳಮದ್ದಳೆಯದ್ದು. ತಾಳಮದ್ದಳೆಯಲ್ಲಿ ಕಿವಿ ಹುಡುಕುವುದು ಮಾತನ್ನು. ಮನುಷ್ಯನ ಧ್ವನಿ ಸ್ಪಷ್ಟವಾಗಿ ಬಂದರೆ ಕೆಲಸ ಮುಗಿಯಿತು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥಗಾರಿಕೆ ಕ್ಯಾಸೆಟ್ಟಿನಿಂದ ಮೊಬೈಲಿಗೆ ಬಂದದ್ದಾದರೆ 500 ರೂಪಾಯಿಯ ವೈರಿನ ಇಯರ್‌ಫೋನ್ ಧಾರಾಳ. ಟೇಪಿನಲ್ಲಿ ಇಲ್ಲದ ವಿವರವನ್ನು ಯಾವ ಹೆಡ್‌ಫೋನೂ ತರಲಾರದು. ದುಬಾರಿಯದ್ದು ಟೇಪಿನ ಸುಯ್‌ಸದ್ದನ್ನು ಇನ್ನಷ್ಟು ಬಿಡಿಸಿ ತೋರಿಸುತ್ತದೆ. ಚೆಂಡೆ, ಮದ್ದಳೆ, ಚಕ್ರತಾಳ ಸೇರಿದ ಹೊಸ ನೇರಪ್ರಸಾರಗಳಿಗೆ 1,500 ರೂಪಾಯಿಯ, ವೈರು ಬಿಚ್ಚಿ ಬದಲಿಸಬಹುದಾದ ಇಯರ್‌ಫೋನ್ ಬೇಕು. ಬ್ಲೂಟೂತಿನಲ್ಲಿ ಧ್ವನಿ ಒಂದಿಷ್ಟು ತಡವಾಗಿ ತಲುಪುವುದರಿಂದ ಆಟ ರೆಕಾರ್ಡು ಮಾಡುವ ಹುಡುಗರು ಅದನ್ನು ಮುಟ್ಟಬಾರದು. ಅವರಿಗೆ ಕಿವಿಯನ್ನು ಪೂರ್ತಿ ಮುಚ್ಚುವ, ವೈರಿನ ಮಾನಿಟರ್ ಹೆಡ್‌ಫೋನ್ ಸರಿ. ಸೋನಿಯ ಎಂಡಿಆರ್-7506 ಎಂಬುದು 1991ರಿಂದ ಇಂದಿನವರೆಗೂ ಸ್ಟುಡಿಯೋಗಳಲ್ಲಿ ಉಳಿದಿದೆ, ಇಯರ್‌ಪ್ಯಾಡ್ ಬದಲಿಸುತ್ತ ದುಡಿಸಬಹುದು.

ಈಗ ಹುಡುಗನ ಮೂರು ಕೆಲಸಕ್ಕೆ ಮೂರು ವಸ್ತು ಕೊಂಡರೆ ಎಷ್ಟಾಗುತ್ತದೆ? ಇಯರ್‌ಮಫ್ 1,500. ಬಸ್ಸಿಗೆ 5,000ದ್ದು, ಎರಡು ವರ್ಷಕ್ಕೆ ಬ್ಯಾಟರಿ ಸೋತು ಇನ್ನೊಂದು ಕೊಂಡರೂ 10,000. ಯಕ್ಷಗಾನಕ್ಕೆ 1,500ದ್ದು, ಅದನ್ನೂ ಒಮ್ಮೆ ಬದಲಿಸಿದರೆ 3,000. ಒಟ್ಟು 14,500. ಅದೇ 1,584 ಗಂಟೆಗೆ ಹಂಚಿದರೆ ಗಂಟೆಗೆ 9 ರೂಪಾಯಿ 15 ಪೈಸೆ. ನಾಲ್ಕು ವರ್ಷದಲ್ಲಿ ಉಳಿಯುವುದು 14,544 ರೂಪಾಯಿ. ಅಡಿಕೆಯ ಲೆಕ್ಕದಲ್ಲಿ 32 ಕಿಲೋ. ಕಿವಿಯೂ ಉಳಿಯುತ್ತದೆ, ಅದಕ್ಕೆ ಈ ಲೆಕ್ಕದಲ್ಲಿ ಬೆಲೆ ಕಟ್ಟಿಲ್ಲ.

ಆ ಹೆಡ್‌ಫೋನ್ ಈಗ ಪುತ್ತೂರಿನಲ್ಲಿ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ದುಡಿಯುವ ಅವನ ತಂಗಿಯ ಹತ್ತಿರವಿದೆ. ಉಳಿದ ಕಂತುಗಳನ್ನು ಆಕೆಯೇ ಕಟ್ಟಿದಳು. ದಿನಕ್ಕೆ ಐದು ಗಂಟೆ, ವರ್ಷಕ್ಕೆ 240 ದಿನ, ನಾಲ್ಕು ವರ್ಷಕ್ಕೆ 4,800 ಗಂಟೆ. ಗಂಟೆಗೆ 6 ರೂಪಾಯಿ 5 ಪೈಸೆ. ಅದೇ ಪೆಟ್ಟಿಗೆ, ಅದೇ ಬಿಲ್ಲು. ಅಣ್ಣನಿಗೆ ದುಂದು, ತಂಗಿಗೆ ಸರಿಯಾದ ಖರೀದಿ. ಇಡೀ ದಿನ ಮೀಟಿಂಗಿನಲ್ಲಿ ಮಾತಾಡುವವರು ಇನ್ನೊಂದನ್ನು ತಿಳಿದಿರಬೇಕು: ಕಂಪ್ಯೂಟರಿನಲ್ಲಿ ಬ್ಲೂಟೂತ್ ಹೆಡ್‌ಫೋನಿನ ಮೈಕು ಚಾಲೂ ಆದಾಗ ಧ್ವನಿಯ ಗುಣಮಟ್ಟ ಸಾಮಾನ್ಯವಾಗಿ ಟೆಲಿಫೋನಿನ ಮಟ್ಟಕ್ಕೆ ಇಳಿಯುತ್ತದೆ. ಆನ್‌ಲೈನ್ ಪಾಠ ಮಾಡುವ ಮೇಷ್ಟ್ರುಗಳಿಗೆ, ಸಂದರ್ಶನಕ್ಕೆ ಕೂರುವ ಕಾಲೇಜು ಮಕ್ಕಳಿಗೆ ಎರಡು ಮೂರು ಸಾವಿರದೊಳಗಿನ ಯುಎಸ್‌ಬಿ ವೈರಿನ ಹೆಡ್‌ಸೆಟ್ ಇದಕ್ಕಿಂತ ವಾಸಿ.

ಸಾವಿರ, ಸಾವಿರದಿನ್ನೂರಕ್ಕೆ ಸಿಗುವ, ವೈರೇ ಇಲ್ಲದ ಇಯರ್‌ಬಡ್ಸ್ ಬಗ್ಗೆ ಈ ಅಂಕಣಕಾರನಿಗೆ ತಾಳ್ಮೆ ಇಲ್ಲ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇಎನ್‌ಸಿ ಎಂದಿರುತ್ತದೆ. ಕೊಳ್ಳುವವರು ಅದನ್ನು ಎಎನ್‌ಸಿ ಎಂದುಕೊಳ್ಳುತ್ತಾರೆ. ಇಎನ್‌ಸಿ ಕೆಲಸ ಮಾಡುವುದು ಮೈಕಿಗೆ. ಅದರಿಂದ ಅನುಕೂಲ ಫೋನಿನ ಆಚೆ ಬದಿಯವರಿಗೆ, ಹಾಕಿಕೊಂಡವರ ಕಿವಿಗೆ ಒಂದಿನಿತೂ ಶಬ್ದ ಕಡಿಮೆಯಾಗುವುದಿಲ್ಲ. 50 ಗಂಟೆ ಬಾಳಿಕೆ ಎಂಬುದು ಡಬ್ಬಿಯ ಚಾರ್ಜನ್ನೂ ಸೇರಿಸಿ ಹೇಳಿದ್ದು. ಒಳಗಿನ ಪುಟ್ಟ ಬ್ಯಾಟರಿ ಕೆಲವು ನೂರು ಚಾರ್ಜಿಗೆ ಸೋಲುತ್ತದೆ, ಬದಲಿಸಲು ಬಿಚ್ಚುವಂತಿಲ್ಲ. ಒಂದು ಬದಿಯದ್ದು ಬಸ್ ಸ್ಟ್ಯಾಂಡಿನ ಚರಂಡಿಗೆ ಬಿದ್ದರೆ ಇನ್ನೊಂದೂ ವ್ಯರ್ಥ. ನಾಲ್ಕು ವರ್ಷಕ್ಕೆ ಮೂರು ಜೊತೆ ಕೊಳ್ಳುವ ಮನೆ 3,600 ಖರ್ಚು ಮಾಡಿ ಕೊನೆಗೆ ಕಸವನ್ನೇ ಉಳಿಸಿಕೊಳ್ಳುತ್ತದೆ. ಇದನ್ನೇ ಹಾಕಿಕೊಂಡು ಮಿಶನು ಓಡಿಸುವ, ಬೈಕು ಬಿಡುವ ಹುಡುಗರನ್ನು ಕಂಡಾಗ ಸಿಟ್ಟಿಗಿಂತ ಸಂಕಟ ಹೆಚ್ಚು.

ಅಭ್ಯಾಸ ಬದಲಾಗದೆ ಯಾವ ಲೆಕ್ಕವೂ ನಿಲ್ಲದು. ಅಡಿಕೆ ಮಾರಿದ ದುಡ್ಡು ಖಾತೆಗೆ ಬಂದ ವಾರ ಮೊಬೈಲಿನಲ್ಲಿ ಹಬ್ಬದ ಸೇಲ್ ತೆರೆಯಬಾರದು. ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಬರೆಯಬೇಕು: ಎಲ್ಲಿ ಕೂತು, ಏನನ್ನು, ಎಷ್ಟು ಹೊತ್ತು ಕೇಳಿದೆವು ಎಂದು. ಮಕ್ಕಳು ಕೇಳಿದ್ದನ್ನೂ ಬರೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್, ವಾರಕ್ಕೆ 40 ಗಂಟೆ. ಪಕ್ಕದಲ್ಲಿ ಕೂತವರಿಗೆ ಹಾಡು ಕೇಳಿಸುತ್ತಿದ್ದರೆ ವಾಲ್ಯೂಮ್ ಹೆಚ್ಚಾಯಿತೆಂದೇ ಅರ್ಥ. ಸರ್ವೀಸ್ ಸೆಂಟರ್ ಎಲ್ಲಿದೆ ಎಂದೂ ಕೊಳ್ಳುವ ಮೊದಲೇ ಕೇಳಬೇಕು. ಮಂಗಳೂರು ಎಂದರೆ ಪುತ್ತೂರಿನವರಿಗೆ 50 ಕಿ.ಮೀ. ಮೀರಿದ ದಾರಿ, ಸುಳ್ಯ ಮತ್ತು ಕಡಬದವರಿಗೆ ಇನ್ನೂ ದೂರ. ಎರಡು ಸಲ ಹೋಗಿ ಬರುವಲ್ಲಿ ಅಗ್ಗದ ಹೆಡ್‌ಫೋನಿನ ಬೆಲೆಯ ದೊಡ್ಡ ಪಾಲು ಬಸ್ಸಿಗೂ ಊಟಕ್ಕೂ ಹೋಗುತ್ತದೆ.

ಮನೆಯಲ್ಲಿ ಹಿರಿಯರು ಟಿವಿ ಜೋರು ಇಡುತ್ತಾರೆಂದು ಅವರಿಗೆ ಹೆಡ್‌ಫೋನ್ ತರುವವರೂ ಇದ್ದಾರೆ. ಅಲ್ಲಿ ಮೊದಲ ಖರ್ಚು ಶ್ರವಣ ಪರೀಕ್ಷೆಗೆ ಆಗಲಿ. ಸುಳ್ಯದಲ್ಲೇ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಕಿವಿ ಸರಿಯಿದ್ದರೆ ಟಿವಿಗೆ ತನ್ನದೇ ಸ್ಟ್ಯಾಂಡ್ ಸಮೇತ ಬರುವ ವೈರ್‌ಲೆಸ್ ಹೆಡ್‌ಫೋನ್ ಕೊಳ್ಳಬಹುದು, ಅದರಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುವುದು ಕಡಿಮೆ. ಶ್ರವಣ ಸಾಧನವೇ ಬೇಕೆಂದು ಪರೀಕ್ಷೆ ಹೇಳಿದರೆ ಹೆಡ್‌ಫೋನಿಗೆಂದು ತೆಗೆದಿಟ್ಟ ಹಣವನ್ನು ಅದಕ್ಕೆ ಸೇರಿಸಿ, ಟಿವಿಗೂ ಫೋನಿಗೂ ನೇರವಾಗಿ ಜೋಡಿಸಲು ಬರುವ ಮಾದರಿ ಯಾವುದೆಂದು ಆಡಿಯಾಲಜಿಸ್ಟರ ಹತ್ತಿರವೇ ಕೇಳಬೇಕು.