ತಿದ್ದಿದ ರಕ್ಷಕ ಕೋಶಗಳು: ರಕ್ತದ ಕ್ಯಾನ್ಸರಿಗೆ ಹೊಸ ಚಿಕಿತ್ಸೆ

ಆಯುರ್ವೇದವು ವ್ಯಾಧಿಕ್ಷಮತ್ವವೆಂದು ಕರೆಯುವ ದೇಹಶಕ್ತಿಯು ಕ್ಯಾನ್ಸರಿನ ಮುಂದೆ ಸೋಲುವುದೇಕೆಂದು ಓದುಗರು ಕೇಳುವುದುಂಟು. ಕಳ್ಳನು ಮನೆಯವನೇ ಆದಾಗ ಕಾವಲುಗಾರನಿಗೆ ಗುರುತು ಸಿಗದು. ಕ್ಯಾನ್ಸರ್ ಕೋಶವೂ ನಮ್ಮ ದೇಹದ್ದೇ.

ಕಾರ್-ಟಿ ಚಿಕಿತ್ಸೆಯು ಆ ಗುರುತನ್ನು ಕಲಿಸಿಕೊಡುತ್ತದೆ. ರೋಗಿಯ ರಕ್ತದಿಂದ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ರೋಗ ತರುವ ಶಕ್ತಿ ಕಳೆದ ವೈರಾಣುವಿನ ಮೂಲಕ ಅವುಗಳಲ್ಲಿ ಹೊಸ ವಂಶವಾಹಿಯನ್ನು ಸೇರಿಸುತ್ತಾರೆ. ಆಗ ಅವು ಸಿಡಿ19 ಎಂಬ ಗುರುತುಳ್ಳ ಬಿ-ಕೋಶಗಳನ್ನು ಹುಡುಕಿ ಕೊಲ್ಲಬಲ್ಲವು. ಇವನ್ನು ಕೋಟಿಗಟ್ಟಲೆ ಬೆಳೆಸಿ, ಅಲ್ಪಕಾಲದ ಕೀಮೋಥೆರಪಿಯ ಬಳಿಕ ಅದೇ ರೋಗಿಯ ರಕ್ತನಾಳಕ್ಕೆ ಹನಿಸುತ್ತಾರೆ. ಔಷಧವೇ ಸಜೀವವಾಗಿ ದೇಹದೊಳಗೆ ವೃದ್ಧಿಯಾಗುವುದು ನಮಗಂತೂ ಸೋಜಿಗ.

2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲ್ಯುಕೇಮಿಯಾ ಮರುಕಳಿಸಿದ್ದ ಎಮಿಲಿ ವೈಟ್‌ಹೆಡ್ ಎಂಬ ಬಾಲಕಿಗೆ ಇದನ್ನು ನೀಡಿದರು. ಕೋಶಗಳು ಒಳಹೊಕ್ಕ ಮೇಲೆ ಜ್ವರವು ಮಿತಿಮೀರಿ, ಆಕೆಯನ್ನು ಕೃತಕ ಉಸಿರಾಟದಲ್ಲಿಡಬೇಕಾಯಿತು. ರಕ್ತದಲ್ಲಿ ಐಎಲ್-6 ಎಂಬ ಅಂಶ ವಿಪರೀತ ಏರಿತ್ತು. ನಾವು ಆಮವಾತವೆನ್ನುವಂತಹ ಕೀಲುರೋಗಕ್ಕೆ ಬಳಸುವ ಟೊಸಿಲಿಜುಮಾಬ್ ಕೊಟ್ಟೊಡನೆ ಆಕೆ ಚೇತರಿಸಿಕೊಂಡಳು. ಇಂದಿಗೂ ಈ ಉರಿಯೂತದ ಬಿರುಗಾಳಿಯೇ ಚಿಕಿತ್ಸೆಯ ದೊಡ್ಡ ಅಪಾಯ. ಕೆಲವರಿಗೆ ಬುದ್ಧಿ ಮಂಕಾಗುತ್ತದೆ. ಆದುದರಿಂದ ರೋಗಿಯಿಂದ ದಿನವೂ ಒಂದು ವಾಕ್ಯ ಬರೆಯಿಸಿ ನೋಡುತ್ತಾರೆ. ಅಕ್ಷರ ಕೆಟ್ಟರೆ ಅದು ಎಚ್ಚರಿಕೆಯ ಗಂಟೆ. ಆರೋಗ್ಯವಂತ ಬಿ-ಕೋಶಗಳೂ ನಾಶವಾಗುವುದರಿಂದ ಮುಂದೆ ತಿಂಗಳುಗಟ್ಟಲೆ ಸೋಂಕಿನ ಭಯವಿರುತ್ತದೆ.

ಐಐಟಿ ಬಾಂಬೆ ಹಾಗೂ ಮುಂಬೈಯ ಟಾಟಾ ಸ್ಮಾರಕ ಕೇಂದ್ರದ ಶ್ರಮದಿಂದ ರೂಪುಗೊಂಡ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯೂ 2025ರಲ್ಲಿ ಇಂತಹದೇ ಔಷಧವನ್ನು ಹೊರತಂದಿತು. ಅಮೆರಿಕದಲ್ಲಿ ಮೊದಲ ಕಾರ್-ಟಿ ಔಷಧದ ಬೆಲೆ 4,75,000 ಡಾಲರ್ ಇತ್ತು. ನಮ್ಮಲ್ಲಿ ಅದಕ್ಕಿಂತ ಬಹಳ ಕಡಿಮೆಯೆಂಬುದು ನಿಜ. ಆದರೂ ಹತ್ತಾರು ಲಕ್ಷ ರೂಪಾಯಿ ಹೊಲ ಮಾರಿದರೂ ಒದಗದ ಮನೆಗಳೇ ನಮ್ಮ ಸೀಮೆಯಲ್ಲಿ ಹೆಚ್ಚು.

ಇನ್ನೊಂದು ಮಾತು. ಈ ಔಷಧಗಳು ಬಿ-ಕೋಶದ ಕೆಲವು ಲ್ಯುಕೇಮಿಯಾ, ಲಿಂಫೋಮಾಗಳಿಗೆ, ಅದೂ ಮೊದಲ ಚಿಕಿತ್ಸೆಗಳು ಫಲಿಸದಾಗ ಬಳಕೆಯಾಗತಕ್ಕವು. ಬಾಯಿ, ಸ್ತನ, ಜಠರಗಳ ಗಡ್ಡೆಗಳಿಗೆ ಇವು ಮದ್ದಲ್ಲ.

ಕಷಾಯ, ರಸಾಯನಗಳಿಂದ ಇದೇ ಕೆಲಸವಾಗದೇ ಎಂದು ಕೇಳುವವರಿಗೆ ನಮ್ಮ ಉತ್ತರ ಸ್ಪಷ್ಟ: ಆಗದು. ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ನಮ್ಮ ಬಳಿ ಬರಬೇಡಿರಿ. ಕೋಶಗಳನ್ನು ಪಡೆಯುವ ಮುನ್ನ ಚ್ಯವನಪ್ರಾಶ, ಅಮೃತಬಳ್ಳಿ, ಅಶ್ವಗಂಧ ಯಾವುದನ್ನು ಸೇವಿಸುತ್ತಿದ್ದರೂ ಮುಚ್ಚಿಡದೆ ಕ್ಯಾನ್ಸರ್ ತಜ್ಞರಿಗೆ ತಿಳಿಸಿರಿ; ಅವರು ನಿಲ್ಲಿಸಲು ಹೇಳಿದರೆ ಅಂದೇ ನಿಲ್ಲಿಸಿರಿ. ಮನೆಗೆ ಮರಳಿದ ಮೇಲೆ ಜ್ವರವೋ ಮಾತಿನ ತೊದಲೋ ಕಂಡುಬಂದಲ್ಲಿ, ರಾತ್ರಿಯಾದರೂ ಸರಿ, ಚಿಕಿತ್ಸೆ ನೀಡಿದ ಆಸ್ಪತ್ರೆಗೇ ಹೋಗತಕ್ಕದ್ದು.